ಮೇಲ್ದವಡೆಯ ಇಂಪ್ಲಾಂಟ್: ಮೂಳೆಯ ಎತ್ತರ ಅಳೆದರೆ ಸಾಲದು

ಮೇಲಿನ ದವಡೆಹಲ್ಲು ಕೀಳಿಸಿ ನಾಲ್ಕಾರು ವರ್ಷವಾದ ಮೇಲೆ ಆ ಜಾಗಕ್ಕೆ ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಬೇರು) ಹಾಕಿಸಲು ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಮೂಳೆ ಸಾಲದು’. ಕೆಳದವಡೆಯಲ್ಲಿ ಮೂರು ತಿಂಗಳಲ್ಲಿ ಮುಗಿದ ಕೆಲಸ ಮೇಲೆ ಯಾಕೆ ಒಂಬತ್ತು ತಿಂಗಳು ಎಳೆಯುತ್ತದೆ? ಖರ್ಚು ಯಾಕೆ ಹೆಚ್ಚು? ಒಬ್ಬ ವೈದ್ಯರು ‘ಆಗುತ್ತೆ’ ಎಂದದ್ದನ್ನು ಇನ್ನೊಬ್ಬರು ‘ಈಗಲೇ ಬೇಡ’ ಎನ್ನುವುದೇಕೆ? ಮೂರಕ್ಕೂ ಕಾರಣ ಮೇಲ್ದವಡೆಯ ರಚನೆ. ಅದು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ, ಒಬ್ಬರಲ್ಲೇ ಎಡಬಲ ಒಂದೇ ಥರ ಇರುವುದೂ ಅಪರೂಪ. ಮೂಳೆ ಎಷ್ಟು ಮಿಲಿಮೀಟರ್ ಇದೆ ಎನ್ನುವುದು ಅರ್ಧ ಮಾಹಿತಿ. ಆ ಮೂಳೆ ಮುಗಿದ ಮೇಲೆ ಆಚೆ ಏನಿದೆ ಎನ್ನುವುದು ಉಳಿದರ್ಧ, ಮತ್ತು ಕೆಲಸ ಕೆಡುವುದು ಹೆಚ್ಚಾಗಿ ಆ ಭಾಗವನ್ನು ನೋಡದೆ ಹೋದಾಗ.

ಹಲ್ಲಿನ ಮೇಲಿನ ಗಾಳಿಗೂಡು

ಮೇಲಿನ ದವಡೆಹಲ್ಲುಗಳ ಬೇರಿನ ಮೇಲ್ಗಡೆ, ಕೆನ್ನೆಯ ಒಳಗೆ, ಗಾಳಿ ತುಂಬಿದ ಒಂದು ಟೊಳ್ಳು ಇದೆ. ಇದೇ ಮ್ಯಾಕ್ಸಿಲರಿ ಸೈನಸ್. ಇಂಗ್ಲೆಂಡಿನ ವೈದ್ಯ ನಥೇನಿಯಲ್ ಹೈಮೋರ್ 1651ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟ. ವಯಸ್ಕರಲ್ಲಿ ಇದರ ಗಾತ್ರ ಸರಾಸರಿ 12ರಿಂದ 15 ಮಿಲಿಲೀಟರ್. ಸರಾಸರಿ ಅಷ್ಟೇ, ಜನರಿಂದ ಜನರಿಗೆ ವ್ಯತ್ಯಾಸ ಬಹಳ. ಕೆಲವರಲ್ಲಿ ಸೈನಸ್ಸು ಕೋರೆಹಲ್ಲಿನವರೆಗೂ ಮುಂದೆ ಚಾಚಿರುತ್ತದೆ, ಕೆಲವರಲ್ಲಿ ಮೊದಲ ದವಡೆಹಲ್ಲಿನ ಹತ್ತಿರವೇ ನಿಂತಿರುತ್ತದೆ. ಹಲ್ಲುಗಳ ಪೈಕಿ ಇದಕ್ಕೆ ಅತಿ ಸಮೀಪ ಬರುವುದು ಎರಡನೇ ದವಡೆಹಲ್ಲಿನ ಕೆನ್ನೆ ಬದಿಯ ಬೇರು. ನಡುವೆ ಒಂದು ಮಿಲಿಮೀಟರ್ ಮೂಳೆಯೂ ಇರದಿರುವುದು ಅಪರೂಪವಲ್ಲ.

ಹಲ್ಲು ಕಿತ್ತ ಮೇಲೆ ಮೂಳೆ ಎರಡೂ ಕಡೆಯಿಂದ ಕಮ್ಮಿಯಾಗುತ್ತದೆ. ಅಗಿಯುವ ಒತ್ತಡವಿಲ್ಲದೆ ವಸಡಿನ ಕಡೆಯ ಅಂಚು ಕರಗುತ್ತದೆ, ಮೇಲಿನಿಂದ ಸೈನಸ್ಸಿನ ತಳ ಕೆಳಗಿಳಿಯುತ್ತದೆ. ಹಲ್ಲಿದ್ದಾಗ 11–12 ಮಿ.ಮೀ. ಇದ್ದ ಎತ್ತರ ಕೆಲ ವರ್ಷಗಳಲ್ಲಿ 4–5ಕ್ಕೆ ಬರುವುದು ಹೀಗೆ. ಅಗಲದ ಲೆಕ್ಕವೂ ಇಂಥದ್ದೇ: ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಅಂಚಿನ ಅಗಲ ಸುಮಾರು ಅರ್ಧದಷ್ಟು ಹೋಗಬಹುದು, ಅದರಲ್ಲಿ ಮೂರನೇ ಎರಡು ಪಾಲು ಮೊದಲ ಮೂರು ತಿಂಗಳಲ್ಲೇ. ‘ನೋವಿಲ್ಲ, ಮುಂದಿನ ವರ್ಷ ನೋಡೋಣ’ ಎನ್ನುವವರಿಗೆ ಹಲ್ಲು ಕೀಳುವ ದಿನವೇ ಈ ಲೆಕ್ಕ ಹೇಳಿಬಿಡುವುದು ಒಳ್ಳೆಯದು.

ಸೈನಸ್ಸಿನ ಒಳಗೋಡೆಗೆ ಷ್ನೈಡರ್ ಪೊರೆ ಎಂಬ ತೆಳು ಲೋಳೆಪೊರೆ ಅಂಟಿಕೊಂಡಿದೆ. ಆರೋಗ್ಯವಾಗಿದ್ದಾಗ ಅದರ ದಪ್ಪ 0.3ರಿಂದ 0.8 ಮಿ.ಮೀ., ಮೊಟ್ಟೆಯ ಚಿಪ್ಪಿನೊಳಗಿನ ಪೊರೆಯನ್ನು ಹರಿಯದೆ ಬಿಡಿಸಲು ನೋಡಿದವರಿಗೆ ಇದನ್ನು ಎತ್ತುವ ಕಷ್ಟ ಗೊತ್ತಾಗುತ್ತದೆ. ಸೈನಸ್ ಲಿಫ್ಟ್ ಎಂದರೆ ಇಷ್ಟೇ: ಈ ಪೊರೆಯನ್ನು ಮೂಳೆಯಿಂದ ಬಿಡಿಸಿ ಮೇಲಕ್ಕೆತ್ತಿ, ಅಡಿಯಲ್ಲಿ ಉಂಟಾದ ಜಾಗಕ್ಕೆ ಗ್ರಾಫ್ಟ್, ಅಂದರೆ ಹೊಸ ಮೂಳೆ ಬೆಳೆಯಲು ಆಸರೆಯಾಗುವ ಕಣಗಳನ್ನು, ತುಂಬುವುದು.

ಯಾವುದನ್ನು ನೋಡಬೇಕು

ಮೊದಲು ಒಪಿಜಿ ಬಗ್ಗೆ ಒಂದು ಮಾತು. ಇಡೀ ಬಾಯಿಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಈ ಎಕ್ಸ್‌ರೇ ಆರಂಭದ ಪರೀಕ್ಷೆಗೆ ಚೆನ್ನ. ಆದರೆ ಅದು 20ರಿಂದ 30 ಶೇಕಡಾ ಹಿಗ್ಗಿಸಿ ತೋರಿಸುತ್ತದೆ, ಹಿಗ್ಗುವಿಕೆ ಎಲ್ಲ ಕಡೆ ಸಮನಾಗಿಯೂ ಇರುವುದಿಲ್ಲ. ಫಿಲ್ಮಿನ ಮೇಲೆ ಸ್ಕೇಲಿಟ್ಟು 10 ಮಿ.ಮೀ. ಸಿಕ್ಕಿತು ಎಂದರೆ ನಿಜವಾದ ಮೂಳೆ 8ರ ಆಸುಪಾಸು. ಅಗಲವಂತೂ ಅದರಲ್ಲಿ ಕಾಣುವುದೇ ಇಲ್ಲ. ಮೇಲ್ದವಡೆಯ ಹಿಂಭಾಗದ ಇಂಪ್ಲಾಂಟನ್ನು ಒಪಿಜಿ ಒಂದನ್ನೇ ನಂಬಿ ಯೋಜಿಸುವುದು ಸರಿಯಲ್ಲ.

ಬೇಕಾದದ್ದು ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್. ಇಲ್ಲೂ ಒಂದು ಕಡೆ ಜನ ಎಡವುತ್ತಾರೆ. ಹಣ ಮತ್ತು ವಿಕಿರಣ ಉಳಿಯಲಿ ಎಂದು ನಾಲ್ಕೈದು ಸೆಂಟಿಮೀಟರ್ ಎತ್ತರದ ಸಣ್ಣ ಸ್ಕ್ಯಾನ್ ಬರೆದರೆ ಹಲ್ಲು ಮತ್ತು ಸೈನಸ್ಸಿನ ತಳ ಕಾಣುತ್ತದೆ, ಸೈನಸ್ಸಿನ ಬಾಗಿಲು ಕಾಣುವುದಿಲ್ಲ. ಸೈನಸ್ ಲಿಫ್ಟ್ ಆಗುವ ಸಾಧ್ಯತೆ ಇದ್ದರೆ ಎರಡೂ ಕಡೆಯ ಸೈನಸ್ಸು, ಮೂಗಿನೊಳಗೆ ಅದು ತೆರೆದುಕೊಳ್ಳುವ ಕಿಂಡಿಯವರೆಗೂ ಬರುವಂತೆ ಸ್ಕ್ಯಾನ್ ಬರೆಯಬೇಕು. ಈ ಕಿಂಡಿ ಸೈನಸ್ಸಿನ ತಳದಲ್ಲಿಲ್ಲ, ತಳದಿಂದ 25–30 ಮಿ.ಮೀ. ಮೇಲೆ, ಮೂಗಿನ ಕಡೆಯ ಗೋಡೆಯಲ್ಲಿದೆ. ಒಳಗಿನ ಲೋಳೆ ತಾನಾಗಿ ಹರಿದುಹೋಗುವುದಿಲ್ಲ, ಪೊರೆಯ ಸೂಕ್ಷ್ಮ ರೋಮಗಳು ಅದನ್ನು ಮೇಲಕ್ಕೆ ತಳ್ಳಬೇಕು. ಕಿಂಡಿ ಮುಚ್ಚಿದ್ದರೆ, ಮೂಗಿನ ನಡುಗೋಡೆ ವಾಲಿ ಅದನ್ನು ಒತ್ತಿದ್ದರೆ, ಒಳಗೆ ಪಾಲಿಪ್ (ಮೆದು ಗಡ್ಡೆ) ಬೆಳೆದಿದ್ದರೆ, ಎಷ್ಟೇ ಚೆನ್ನಾಗಿ ಗ್ರಾಫ್ಟ್ ತುಂಬಿದರೂ ಸೋಂಕು ತಪ್ಪಿಸುವುದು ಕಷ್ಟ.

ಹೊಸನಗರ, ಸೊರಬ, ತೀರ್ಥಹಳ್ಳಿ ಕಡೆಯಿಂದ ಸ್ಕ್ಯಾನಿಗೆಂದು ಶಿವಮೊಗ್ಗಕ್ಕೆ ಬರುವವರು ಅಚ್ಚು ಹಾಕಿದ ಫಿಲ್ಮ್ ಮಾತ್ರ ಹಿಡಿದು ಹೋಗಬಾರದು. ಸಿ.ಡಿ.ಯಲ್ಲೋ ಪೆನ್‌ಡ್ರೈವಿನಲ್ಲೋ ಸ್ಕ್ಯಾನಿನ ಮೂಲ ಕಂಪ್ಯೂಟರ್ ಫೈಲ್, ಅಂದರೆ ಡೈಕಾಮ್ ಫೈಲ್, ಕೇಳಿ ಪಡೆಯಬೇಕು. ಫಿಲ್ಮಿನಲ್ಲಿ ಇರುವುದು ಯಾರೋ ಆಯ್ದುಕೊಟ್ಟ ಹತ್ತಿಪ್ಪತ್ತು ಸೀಳುನೋಟ, ಫೈಲಿನಲ್ಲಿ ಇರುವುದು ಇಡೀ ದವಡೆ. ಸ್ಕ್ಯಾನ್ ತೆಗೆಯುವಾಗ ಕೆನ್ನೆ ಮತ್ತು ವಸಡಿನ ನಡುವೆ ಹತ್ತಿಯ ಸುರುಳಿ ಇಟ್ಟರೆ ವಸಡಿನ ದಪ್ಪವೂ ಬೇರೆಯಾಗಿ ಕಾಣುತ್ತದೆ. ಅರೆಕ್ಷಣ ತಲೆ ಅಲ್ಲಾಡಿಸಿದರೂ ಗೋಡೆಗಳು ಎರಡೆರಡಾಗಿ ಕಂಡು ಅಳತೆ ಕೆಡುತ್ತದೆ.

ಸೀಳುನೋಟದಲ್ಲಿ ಹುಡುಕಬೇಕಾದದ್ದರಲ್ಲಿ ಮೊದಲನೆಯದು ಅಡ್ಡಗೋಡೆ. ಸೈನಸ್ಸಿನ ತಳದಿಂದ ಮೂಳೆಯ ಏಣು ಎದ್ದು ಅದನ್ನು ಭಾಗ ಮಾಡುವುದುಂಟು. 1910ರಲ್ಲಿ ಆರ್ಥರ್ ಅಂಡರ್‌ವುಡ್ ಇವನ್ನು ವರ್ಣಿಸಿದ್ದರಿಂದ ಅವನ ಹೆಸರೇ ಇವಕ್ಕೆ ಬಂತು. ನಾಲ್ಕು ಸೈನಸ್ಸುಗಳಲ್ಲಿ ಒಂದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಅಡ್ಡಗೋಡೆ ಇರುತ್ತದೆ. ಏಣಿನ ತುದಿಯಲ್ಲಿ ಪೊರೆ ಬಿಗಿಯಾಗಿ ಹಿಡಿದಿರುತ್ತದೆ, ಬಿಡಿಸಲು ಹೋದಾಗ ಹರಿಯುವುದು ಅಲ್ಲೇ. ಮೊದಲೇ ಗೊತ್ತಿದ್ದರೆ ಪೊರೆ ಎತ್ತಲು ಕೆನ್ನೆಯ ಕಡೆಯ ಮೂಳೆಯಲ್ಲಿ ಕೊರೆಯುವ ಕಿಟಕಿಯನ್ನು ಅದರ ಎರಡೂ ಬದಿಗೆ ಬೇರೆ ಬೇರೆ ತೆಗೆಯಬಹುದು.

ಎರಡನೆಯದು ರಕ್ತನಾಳ. ಸೈನಸ್ಸಿನ ಕೆನ್ನೆಯ ಕಡೆಯ ಗೋಡೆಯೊಳಗೆ ಹಿಂದಿನಿಂದ ಬರುವ ಒಂದು ನಾಳವೂ ಕಣ್ಣಿನ ಕೆಳಗಿನಿಂದ ಬರುವ ಇನ್ನೊಂದೂ ಕೂಡಿಕೊಳ್ಳುತ್ತವೆ. ಇದು ಸಾಮಾನ್ಯವಾಗಿ ಮೂಳೆಯ ಅಂಚಿನಿಂದ 16–19 ಮಿ.ಮೀ. ಮೇಲೆ ಸಾಗುತ್ತದೆ. ಮೂಳೆ ಕರಗಿದವರಲ್ಲಿ ನಾಳ ಇದ್ದಲ್ಲೇ ಇರುತ್ತದೆ, ಅಂಚು ಮೇಲೇರಿರುತ್ತದೆ. ಹಾಗಾಗಿ ಅಂತರ 10–12ಕ್ಕೆ ಇಳಿದು ಕಿಟಕಿ ಕೊರೆಯುವ ಜಾಗಕ್ಕೇ ಅಡ್ಡ ಬರುತ್ತದೆ. ವ್ಯಾಸ ಒಂದು ಮಿ.ಮೀ.ಗಿಂತ ಕಮ್ಮಿ ಇದ್ದರೆ ಚಿಂತೆಯಿಲ್ಲ. ಎರಡು ಮಿ.ಮೀ. ದಾಟಿದ್ದರೆ ಕಿಟಕಿಯನ್ನು ಅದರ ಕೆಳಗೇ ಇಡಬೇಕು, ಅಥವಾ ಮೆದು ಅಂಗಾಂಶವನ್ನು ಕತ್ತರಿಸದ ಪೀಜೋ ಉಪಕರಣದಿಂದ ಮೂಳೆ ತೆಗೆಯಬೇಕು. ಇದು ಕಡಿದರೆ ಪ್ರಾಣಕ್ಕೆ ಅಪಾಯ ಎನ್ನುವಂಥದ್ದಲ್ಲ. ಆದರೆ ರಕ್ತ ತುಂಬಿ ಏನೂ ಕಾಣದಾದಾಗ ವೈದ್ಯರ ಕೈ ಅವಸರಪಡುತ್ತದೆ, ಪೊರೆ ಹರಿಯುವುದು ಆಗ.

ಪೊರೆಯ ದಪ್ಪವನ್ನೂ ನೋಡಬೇಕು. 2–3 ಮಿ.ಮೀ.ಗಿಂತ ಹೆಚ್ಚು ಊದಿದ್ದರೆ ಪಕ್ಕದ ಹಲ್ಲಿನ ಬೇರಿನಲ್ಲಿ ಕೀವಿದೆಯೇ ಎಂದು ಮೊದಲು ತಪಾಸಿಸಬೇಕು. ಮೂಗಿನ ತೊಂದರೆ ಎಂದು ವರ್ಷಗಟ್ಟಲೆ ಔಷಧಿ ನುಂಗಿದವರ ಸಮಸ್ಯೆ ಹಲ್ಲಿನದಾಗಿರುವುದುಂಟು. ಕೊನೆಯದಾಗಿ ಸೈನಸ್ಸಿನ ತಳದ ಆಕಾರ. ಕೆನ್ನೆ ಬದಿಯ ಗೋಡೆ ಮತ್ತು ಅಂಗುಳ ಬದಿಯ ಗೋಡೆ 30 ಡಿಗ್ರಿಗಿಂತ ಕಿರಿದಾದ ಕೋನದಲ್ಲಿ ಕೂಡಿದ್ದರೆ ಉಪಕರಣ ತಿರುಗಿಸಲು ಜಾಗವಿಲ್ಲದೆ ಪೊರೆ ಹರಿಯುವ ಸಂಭವ ಹೆಚ್ಚು. ತಮಾಷೆಯೆಂದರೆ, ಅದೇ ಇಕ್ಕಟ್ಟಾದ ಸೈನಸ್ಸಿನಲ್ಲಿ ಗ್ರಾಫ್ಟ್ ಬೇಗ ಮೂಳೆಯಾಗುತ್ತದೆ, ಯಾಕೆಂದರೆ ರಕ್ತ ಒದಗಿಸುವ ಗೋಡೆಗಳು ಎರಡೂ ಕಡೆ ಹತ್ತಿರದಲ್ಲೇ ಇವೆ.

ಒಂದೇ ಎತ್ತರ, ಬೇರೆ ಬೇರೆ ದಾರಿ

ಪುಸ್ತಕದ ಲೆಕ್ಕ ಸರಳವಾಗಿದೆ. ಉಳಿದ ಮೂಳೆ 8–10 ಮಿ.ಮೀ. ಇದ್ದರೆ ನೇರವಾಗಿ ಇಂಪ್ಲಾಂಟ್. 5ರಿಂದ 8 ಇದ್ದರೆ ಕೊರೆದ ರಂಧ್ರದ ಮೂಲಕವೇ ಒಳಗಿನಿಂದ ಪೊರೆ ಎತ್ತುವುದು. 1994ರಲ್ಲಿ ಸಮ್ಮರ್ಸ್ ಪ್ರಕಟಿಸಿದ ವಿಧಾನ. 5ಕ್ಕಿಂತ ಕಮ್ಮಿಯಾದರೆ ಕೆನ್ನೆಯ ಕಡೆಯಿಂದ ಕಿಟಕಿ ತೆಗೆದು ಎತ್ತುವುದು. ಇದನ್ನು ಬಾಯ್ನ್ ಮತ್ತು ಜೇಮ್ಸ್ 1980ರಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ನಿಂತರೆ ತಪ್ಪು ಮಾಡಿದಂತೆ.

ಒಂದು ಸ್ಕ್ಯಾನನ್ನು ಮುಂದಿಟ್ಟುಕೊಂಡು ನೋಡೋಣ. ಎಡಗಡೆಯ ಮೊದಲ ದವಡೆಹಲ್ಲು, ದಂತವೈದ್ಯರ ಲೆಕ್ಕದಲ್ಲಿ 26, ಇಲ್ಲ. ಒಪಿಜಿಯಲ್ಲಿ ಮೂಳೆ 9 ಮಿ.ಮೀ. ಕಾಣುತ್ತದೆ. ಸಿಬಿಸಿಟಿಯ ಅಡ್ಡ ಸೀಳಿನಲ್ಲಿ ತಳ ಓರೆಯಾಗಿದೆ: ಅಂಗುಳದ ಕಡೆ 7, ಕೆನ್ನೆಯ ಕಡೆ 5. ನಡುವೆ ಇಂಪ್ಲಾಂಟ್ ನಿಲ್ಲುವಲ್ಲಿ 6. ಅಗಲ 8, ಸಾಕು. ಪೊರೆ ತೆಳ್ಳಗಿದೆ, ಕಿಂಡಿ ತೆರೆದಿದೆ. ರಕ್ತನಾಳ 13 ಮಿ.ಮೀ. ಮೇಲಿದೆ, ನಮ್ಮ ದಾರಿಗೆ ಬರುವುದಿಲ್ಲ. ಇಲ್ಲಿ 8 ಮಿ.ಮೀ. ಉದ್ದದ ಇಂಪ್ಲಾಂಟ್ ಸಾಕು, ಪೊರೆಯನ್ನು ರಂಧ್ರದಿಂದಲೇ ಎರಡು–ಮೂರು ಮಿ.ಮೀ. ಎತ್ತಿದರಾಯಿತು. ಡ್ರಿಲ್ಲನ್ನು ತಳಕ್ಕಿಂತ 1–2 ಮಿ.ಮೀ. ಮೊದಲೇ ನಿಲ್ಲಿಸಿ, ಉಳಿದ ತೆಳು ಮೂಳೆಯನ್ನು ಆಸ್ಟಿಯೋಟೋಮ್ ಎಂಬ ಉಳಿಯಂಥ ಉಪಕರಣದಿಂದ ಮೆಲ್ಲಗೆ ಬಡಿದು ಮೇಲೆತ್ತುವುದು. (ಈ ಬಡಿತದಿಂದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಎದ್ದಾಗ ಮಗ್ಗುಲಾದಾಗ ತಲೆ ಸುತ್ತುವ ತೊಂದರೆ ಬರುತ್ತದೆ. ಒಳಗಿವಿಯ ಹರಳು ಸರಿಯುವುದರಿಂದ ಆಗುವಂಥದ್ದು, ಚಿಕಿತ್ಸೆಯಿದೆ. ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತದೆ.)

ಈಗ ಅದೇ 6 ಮಿ.ಮೀ. ಇರಲಿ, ಇಂಪ್ಲಾಂಟ್ ನಿಲ್ಲಬೇಕಾದ ಜಾಗಕ್ಕೆ ನೇರ ಮೇಲೆ 5 ಮಿ.ಮೀ. ಎತ್ತರದ ಅಡ್ಡಗೋಡೆ ಇದೆ ಎನ್ನಿ. ಕುರುಡಾಗಿ ಬಡಿಯುವ ವಿಧಾನ ಬೇಡ. ಅಡ್ಡಗೋಡೆ ದಪ್ಪವಿದ್ದರೆ ಅದರೊಳಕ್ಕೇ ಇಂಪ್ಲಾಂಟ್ ಕೂರಿಸಿ ಲಿಫ್ಟನ್ನೇ ತಪ್ಪಿಸಬಹುದು. ತೆಳ್ಳಗಿದ್ದರೆ ಕಿಟಕಿಯ ದಾರಿ. ಅದೇ 6 ಮಿ.ಮೀ., ಪೊರೆ 5 ಮಿ.ಮೀ. ಊದಿ ಕಿಂಡಿ ಮುಚ್ಚಿದೆ ಎನ್ನಿ. ಆಗ ಮೊದಲು ಇ.ಎನ್.ಟಿ. ವೈದ್ಯರು, ಆಮೇಲೆ ಇಂಪ್ಲಾಂಟ್. ಅಥವಾ 6 ಮಿ.ಮೀ. ಉದ್ದದ ಗಿಡ್ಡ ಇಂಪ್ಲಾಂಟ್ ಹಾಕಿ ಸೈನಸ್ಸಿನ ತಂಟೆಗೇ ಹೋಗದಿರುವುದು. ಅಗಲ ಚೆನ್ನಾಗಿದ್ದು ಎದುರು ಹಲ್ಲಿನ ಒತ್ತಡ ಮಿತವಾಗಿದ್ದಲ್ಲಿ ಗಿಡ್ಡ ಇಂಪ್ಲಾಂಟನ್ನು ಇನ್ನೂ ಹೆಚ್ಚು ಬಳಸಬಹುದು ಎಂಬುದು ನಮ್ಮ ಅಭಿಪ್ರಾಯ.

ಮೂಳೆ 4 ಮಿ.ಮೀ.ಗಿಂತ ಕಮ್ಮಿಯಾಗಿ, ಮೆದುವೂ ಆಗಿದ್ದರೆ ಇಂಪ್ಲಾಂಟನ್ನು ಲಿಫ್ಟಿನ ಜೊತೆಗೇ ಹಾಕುವ ಆಸೆ ಬಿಡಬೇಕು. ಹಿಡಿತವಿಲ್ಲದ ಇಂಪ್ಲಾಂಟ್ ಸೈನಸ್ಸಿನೊಳಕ್ಕೆ ಜಾರುತ್ತದೆ, ಅದನ್ನು ತೆಗೆಯಲು ಮತ್ತೊಂದು ಶಸ್ತ್ರಕ್ರಿಯೆ ಬೇಕು. ಗ್ರಾಫ್ಟ್ ಹಾಕಿ 6–9 ತಿಂಗಳು ಕಾದು ಆಮೇಲೆ ಇಂಪ್ಲಾಂಟ್ ಕೂರಿಸುವುದೇ ಕ್ಷೇಮ. ಮೇಲ್ದವಡೆಯ ಹಿಂಭಾಗದ ಮೂಳೆ ಹೇಗೂ ಗಟ್ಟಿತನದ ನಾಲ್ಕು ದರ್ಜೆಗಳಲ್ಲಿ ಹೆಚ್ಚಾಗಿ ಕೊನೆಯದು, ಅತಿ ಮೆದುವಾದದ್ದು. ಹಾಗಾಗಿ ಡ್ರಿಲ್ಲನ್ನು ಇಂಪ್ಲಾಂಟಿನ ವ್ಯಾಸಕ್ಕಿಂತ ಕಿರಿದಾಗಿಯೇ ನಿಲ್ಲಿಸಿ, ಮೂಳೆ ಅಮುಕಿ ಹಿಡಿಯುವಂತೆ ಮಾಡುತ್ತಾರೆ.

ಪೊರೆ ಹರಿಯುವುದು ಸೈನಸ್ ಲಿಫ್ಟಿನ ಅತಿ ಸಾಮಾನ್ಯ ತೊಡಕು. 5 ಮಿ.ಮೀ.ಗಿಂತ ಸಣ್ಣ ಹರುಕಿಗೆ ಸುತ್ತಲಿನ ಪೊರೆಯನ್ನು ಇನ್ನಷ್ಟು ಬಿಡಿಸಿ ಸಡಿಲ ಮಾಡಿ, ಕೊಲಾಜನ್ ಹಾಳೆ ಮುಚ್ಚಿ ಮುಂದುವರಿಯಬಹುದು. 10 ದಾಟಿದರೆ ಗ್ರಾಫ್ಟ್ ತುಂಬದೆ ಹೊಲಿಗೆ ಹಾಕಿ, ಕೆಲವು ತಿಂಗಳ ಮೇಲೆ ಮತ್ತೆ ಪ್ರಯತ್ನಿಸುವುದು ಜಾಣತನ. ಹರಿದ ಪೊರೆಯ ಮೂಲಕ ನುಸುಳಿದ ಗ್ರಾಫ್ಟ್ ಕಣಗಳು ಕಿಂಡಿಯಲ್ಲಿ ಸಿಕ್ಕಿಕೊಂಡರೆ ಸೈನಸೈಟಿಸ್ (ಸೈನಸ್ಸಿನ ಉರಿಯೂತ) ಆಗುವ ಸಂಭವ ಹೆಚ್ಚು.

ಬಾಯಿಯ ಮುಂಭಾಗದ ಲೆಕ್ಕ ಬೇರೆ

ಬಾಚಿಹಲ್ಲುಗಳ ಕಡೆ ಸೈನಸ್ಸಿನ ಗೊಡವೆ ಇಲ್ಲ, ತೆಳ್ಳಗಿನ ಮೂಳೆಯ ಕಾಟವಿದೆ. ಮೇಲಿನ ಮುಂಹಲ್ಲಿನ ಬೇರನ್ನು ತುಟಿಯ ಕಡೆ ಮುಚ್ಚಿರುವ ಮೂಳೆ ಬಹುಪಾಲು ಜನರಲ್ಲಿ ಒಂದು ಮಿ.ಮೀ.ಗಿಂತ ತೆಳು. ಹಲ್ಲು ಕಿತ್ತರೆ ಮೊದಲು ಹೋಗುವುದು ಅದೇ. ಆದ್ದರಿಂದ ಕಿತ್ತ ದಿನವೇ ಇಂಪ್ಲಾಂಟ್ ಹಾಕುವುದಾದರೆ ಅದನ್ನು ಅಂಗುಳದ ಕಡೆಗೆ ಸರಿಸಿ, ತುಟಿಯ ಕಡೆ ಉಳಿದ ಸುಮಾರು 2 ಮಿ.ಮೀ. ಸಂದಿಗೆ ಗ್ರಾಫ್ಟ್ ತುಂಬಬೇಕು. ಬೇರಿನ ತುದಿಯಾಚೆ 3–4 ಮಿ.ಮೀ. ಗಟ್ಟಿ ಮೂಳೆಯೂ ಇರಬೇಕು, ಹಿಡಿತ ಸಿಗುವುದು ಅಲ್ಲಿಂದ. ಬೇರಿನ ಮೇಲ್ಭಾಗದಲ್ಲಿ ದವಡೆ ಒಳಕ್ಕೆ ತಗ್ಗಾಗಿರುವವರಲ್ಲಿ ನೇರ ಕೊರೆದ ಡ್ರಿಲ್ ತುಟಿಯ ಕಡೆ ಹೊರಬರುತ್ತದೆ. ಒಪಿಜಿಯಲ್ಲಿ ಇದು ಕಾಣುವುದೇ ಇಲ್ಲ.

ಎರಡು ಮುಂಹಲ್ಲುಗಳ ನಡುವೆ, ಅಂಗುಳದ ಕಡೆ, ನರ ಮತ್ತು ರಕ್ತನಾಳ ಹೊತ್ತ ನೇಸೋಪ್ಯಾಲಟೈನ್ ನಾಳ ಇಳಿಯುತ್ತದೆ. ಸಾಮಾನ್ಯ ಅಗಲ 3–4 ಮಿ.ಮೀ., ಹಲ್ಲು ಹೋಗಿ ಬಹಳ ಕಾಲವಾದವರಲ್ಲಿ ಇನ್ನೂ ಹಿಗ್ಗಿರುತ್ತದೆ. ಇಂಪ್ಲಾಂಟಿನ ಒಂದು ಮಗ್ಗುಲು ಇದರೊಳಗೆ ಬಿದ್ದರೆ ಆ ಭಾಗಕ್ಕೆ ಮೂಳೆ ಅಂಟುವುದಿಲ್ಲ.

ಇನ್ನೊಂದು, ಹೆಚ್ಚು ಜನ ಗಮನಿಸದ್ದು: ಕ್ಯಾನಾಲಿಸ್ ಸೈನುವೋಸಸ್. ಕಣ್ಣಿನ ಕೆಳಗಿನ ನರದ ಕವಲೊಂದು ಈ ಸುತ್ತುಬಳಸಿನ ನಾಳದಲ್ಲಿ ಮೂಗಿನ ಬದಿಗೆ ಬಂದು ಮುಂಹಲ್ಲುಗಳಿಗೆ ಹೋಗುತ್ತದೆ. ಕೆಲವರಲ್ಲಿ ಇದರ ಉಪನಾಳ ಪಕ್ಕದ ಬಾಚಿಹಲ್ಲು ಅಥವಾ ಕೋರೆಹಲ್ಲಿನ ಹಿಂದೆ ಅಂಗುಳದಲ್ಲಿ ತೆರೆಯುತ್ತದೆ. ಸಣ್ಣ ಎಕ್ಸ್‌ರೇಯಲ್ಲಿ ಇದು ಬೇರಿನ ತುದಿಯ ಕಪ್ಪುಚುಕ್ಕೆಯಂತೆ ಕಂಡು ಅನಗತ್ಯ ರೂಟ್ ಕೆನಾಲ್ ಆಗುವುದುಂಟು. ಇಂಪ್ಲಾಂಟ್ ಇದಕ್ಕೆ ತಾಗಿದರೆ ಕಾರಣ ಸಿಗದ ಉರಿನೋವು ಉಳಿಯಬಹುದು. ಎಕ್ಸ್‌ರೇಯಲ್ಲಿ ಎಲ್ಲ ಸರಿಯಿದ್ದೂ ನೋವು ಬಿಡದಿದ್ದರೆ ಇದನ್ನು ಹುಡುಕಬೇಕು.

ಕಂಪ್ಯೂಟರಿನಲ್ಲಿ ಯೋಜಿಸಿ, ಡ್ರಿಲ್ಲಿಗೆ ದಾರಿ ತೋರಿಸುವ, ಅಚ್ಚು ಮಾಡಿದ ಸರ್ಜಿಕಲ್ ಗೈಡ್ ಇಟ್ಟು ಕೊರೆದರೂ ಯೋಜನೆಗೂ ನಿಜಕ್ಕೂ ಇರುವ ಸರಾಸರಿ ವ್ಯತ್ಯಾಸ ಅಂಚಿನಲ್ಲಿ 1.2 ಮಿ.ಮೀ., ತುದಿಯಲ್ಲಿ 1.4 ಮಿ.ಮೀ., ಕೋನದಲ್ಲಿ 3.5 ಡಿಗ್ರಿ. ಅದಕ್ಕೇ ನರ, ನಾಳಗಳಿಂದ 2 ಮಿ.ಮೀ. ದೂರ ಬಿಡುವುದು. ಪಕ್ಕದ ಹಲ್ಲಿನಿಂದ 1.5, ಎರಡು ಇಂಪ್ಲಾಂಟ್ ನಡುವೆ 3.

ಕವಳ, ಮಳೆಗಾಲ, ಗ್ರಾಫ್ಟ್

ಮಲೆನಾಡಿನಲ್ಲಿ ಯೋಜನೆಗೆ ಇನ್ನೂ ಕೆಲವು ಸಂಗತಿ ಸೇರುತ್ತವೆ. ಅಡಿಕೆ ಬೆಳೆಯುವ ಸೀಮೆ, ಕವಳ ಹಾಕುವವರು ಬಹಳ. ದೀರ್ಘಕಾಲ ಅಡಿಕೆ ಅಗಿದವರಲ್ಲಿ ಬಾಯಿಯ ಒಳಪೊರೆ ನಾರುಗಟ್ಟಿ ಬಾಯಿ ತೆರೆಯುವುದೇ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ 40–50 ಮಿ.ಮೀ. ತೆರೆಯಬೇಕು. ಹಿಂದಿನ ದವಡೆಹಲ್ಲಿನ ಜಾಗಕ್ಕೆ ಹ್ಯಾಂಡ್‌ಪೀಸ್ ಮತ್ತು ಡ್ರಿಲ್ ಒಟ್ಟಿಗೆ ನೆಟ್ಟಗೆ ಹೋಗಲು ಸುಮಾರು 35–40 ಬೇಕು, ಸರ್ಜಿಕಲ್ ಗೈಡ್ ಇಟ್ಟರೆ ಇನ್ನೂ ಹೆಚ್ಚು. ಸ್ಕ್ಯಾನಿನಲ್ಲಿ ಎಲ್ಲ ಚೆನ್ನಾಗಿದ್ದು, ಕುರ್ಚಿಯಲ್ಲಿ ಕೂತ ಮೇಲೆ ಡ್ರಿಲ್ ಒಳಗೆ ಹೋಗದೆ ಓರೆಯಾಗಿ ಕೊರೆಯುವ ಪ್ರಸಂಗ ಬರುವುದು ಹೀಗೆ. ಒಂದು ಸ್ಕೇಲ್ ಹಿಡಿದು ಬಾಯಿ ಅಳೆಯಲು ಅರ್ಧ ನಿಮಿಷ ಸಾಕು, ಸ್ಕ್ಯಾನ್ ಬರೆಯುವ ಮೊದಲೇ ಅಳೆಯಬೇಕು. ಹೊಗೆಸೊಪ್ಪು ಸೇರಿಸಿ ಹಾಕುವವರಲ್ಲಿ ಗಾಯ ಮಾಯುವುದೂ ನಿಧಾನ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀತ, ಮೂಗು ಕಟ್ಟುವುದು ಇಲ್ಲಿ ಮನೆಮನೆಯ ಮಾತು. ಮೂಗು ಕಟ್ಟಿರುವಾಗ ಕಿಂಡಿಯೂ ಊದಿ ಮುಚ್ಚಿರುತ್ತದೆ, ಆಗ ತೆಗೆದ ಸ್ಕ್ಯಾನಿನಲ್ಲಿ ಪೊರೆ ಇರುವುದಕ್ಕಿಂತ ದಪ್ಪ ಕಾಣುತ್ತದೆ. ತುರ್ತಲ್ಲದ ಸೈನಸ್ ಲಿಫ್ಟನ್ನು ಮಳೆ ಕಳೆದ ಮೇಲೆ ಇಟ್ಟುಕೊಳ್ಳುವುದು ಲೇಸು. ಆದರೆ ಮಳೆ ಕಳೆದು ಕೆಲ ವಾರಕ್ಕೆಲ್ಲ ಅಡಿಕೆ ಕೊಯ್ಲು ಶುರುವಾಗುತ್ತದೆ. ಹೊಲಿಗೆ ಬಿಚ್ಚುವ 10–14 ದಿನದ ಭೇಟಿ ತಪ್ಪದಂತೆ ದಿನ ನೋಡಬೇಕು.

ಗ್ರಾಫ್ಟ್ ಏತರಿಂದ ಮಾಡಿದ್ದು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ, ಕೇಳುವ ಮೊದಲೇ ಹೇಳುವುದು ವೈದ್ಯರ ಕೆಲಸ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಗ್ರಾಫ್ಟುಗಳಲ್ಲಿ ಒಂದು ದನದ ಮೂಳೆಯಿಂದ ತಯಾರಾದದ್ದು. ಕೊಲಾಜನ್ ಹಾಳೆ ದನದ್ದೋ ಹಂದಿಯದ್ದೋ ಆಗಿರುತ್ತದೆ. ಇದು ಬೇಡ ಎನ್ನುವ ಮನೆಗಳು ಇಲ್ಲಿ ಸಾಕಷ್ಟಿವೆ. ಅವರಿಗೆ ಕ್ಯಾಲ್ಸಿಯಂ ಫಾಸ್ಫೇಟಿನ ಕೃತಕ ಗ್ರಾಫ್ಟ್, ಅವರದೇ ದವಡೆಯಿಂದ ಕೆರೆದ ಮೂಳೆ, ಹಾಳೆಯ ಬದಲು ಅವರದೇ ರಕ್ತದಿಂದ ತಯಾರಿಸುವ ಪಿ.ಆರ್.ಎಫ್. ಇವೆ. ಕೃತಕ ಗ್ರಾಫ್ಟುಗಳಲ್ಲಿ ಹಲವು ದನದ ಮೂಳೆಯದ್ದಕ್ಕಿಂತ ಬೇಗ ಕರಗುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಎತ್ತರ ನಿರ್ಧರಿಸಬೇಕು.

ಲಿಫ್ಟ್ ಆದ ಮೇಲೆ ಎರಡು ವಾರ ಮುಖ್ಯ. ಎತ್ತಿದ ಪೊರೆಯ ಮೇಲೆ ಗಾಳಿಯ ಒತ್ತಡ ಬೀಳಬಾರದು. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಸ್ಟ್ರಾ ಹಾಕಿ ಹೀರಬಾರದು ಎಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆ ಚೀಟಿಗೆ ಇಲ್ಲಿ ಇನ್ನೆರಡು ಸೇರಬೇಕು: ಒಲೆಯ ಮುಂದೆ ಊದುಗೊಳವೆ ಊದಬಾರದು, ಪೂಜೆಯಲ್ಲಿ ಶಂಖ ಊದಬಾರದು. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ವಿಮಾನ ಹತ್ತುವುದನ್ನೂ ಎರಡು ವಾರ ಮುಂದೂಡುವುದು ಒಳ್ಳೆಯದು. ಮೊದಲ ದಿನ ಮೂಗಿನಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಕಿಲ್ಲ. ಕೆನ್ನೆಯ ಊತ ಮೂರನೇ ದಿನದ ಹೊತ್ತಿಗೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ವಾರ ಕಳೆದರೂ ಊತ ಏರುತ್ತಿದ್ದರೆ, ಗ್ರಾಫ್ಟಿನ ಮರಳಿನಂಥ ಕಣ ಮೂಗಿನಲ್ಲಿ ಸಿಕ್ಕರೆ, ಒಂದೇ ಹೊಳ್ಳೆಯಿಂದ ವಾಸನೆಯ ಕೀವು ಇಳಿದರೆ, ಕುಡಿದ ನೀರು ಮೂಗಿಗೆ ಬಂದರೆ ಕಾಯಬಾರದು. ಮುಂದಿನ ಭೇಟಿಯ ದಿನಾಂಕ ನೋಡದೆ ಅಂದೇ ಹೋಗಬೇಕು, ಆ ಡೈಕಾಮ್ ಫೈಲನ್ನೂ ಜೊತೆಗೆ ಒಯ್ಯಬೇಕು. ಇ.ಎನ್.ಟಿ. ವೈದ್ಯರಿಗೆ ಶಸ್ತ್ರಕ್ರಿಯೆಗೆ ಮೊದಲು ಸೈನಸ್ಸು ಹೇಗಿತ್ತು ಎಂದು ತಿಳಿಯುವುದು ಅದರಿಂದಲೇ.